ಮಳೆಯಾಶ್ರಿತ ಎಂದು ಬರೆದ ಗದ್ದೆ

ಹೋದ ಡಿಸೆಂಬರಿನಲ್ಲಿ ತಂಗಿಯ ಮಗಳನ್ನು ತಿರುವನಂತಪುರಕ್ಕೆ ಬಿಟ್ಟುಬರಲು ಹೋಗಿದ್ದೆ. ಉಳ್ಳೂರಿನ ಮೆಡಿಕಲ್ ಕಾಲೇಜಿನಲ್ಲಿ ಅವಳಿಗೆ ಹೆಚ್ಚಿನ ಓದಿಗೆ ಸೀಟು ಸಿಕ್ಕಿತ್ತು. ಬಾಡಿಗೆಗೆ ಹಿಡಿದ ಮನೆಯ ಹಿಂದೆ ಒಂದು ತೋಡು, ಸಣ್ಣ ಹಳ್ಳ. ನಾಲ್ಕು ಜನ ಅದರೊಳಗಿಳಿದು ಹೂಳು ತೆಗೆದು ದಂಡೆಗೆ ಎಸೆಯುತ್ತಿದ್ದರು. ಕಪ್ಪು ಜೇಡಿ, ಅದರೊಳಗೆ ಕೊಳೆತ ತೆಂಗಿನ ಗರಿ. ಹುಡುಗಿ ಮೂಗು ಮುಚ್ಚಿಕೊಂಡು, “ಬನ್ನಿ ಮಾವ, ಆ ಗಲೀಜನ್ನ ಏನು ನೋಡ್ತಾ ನಿಂತ್ರಿ?” ಅಂದಳು. ನಾನು ನೋಡುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದಿನ ಒಂದು ಡಿಸೆಂಬರು ಮೂಗಿನೊಳಗೆ ಹೊಕ್ಕು ಕೂತಿತ್ತು. ಮರುದಿನ ಮೈಸೂರಿಗೆ ಹೊರಡಬೇಕಾದವನು ಎರ್ನಾಕುಳಂಗೆ ಹೋಗುವ ರೈಲು ಹತ್ತಿದೆ.

ಆಗ ನಾನು ಕೇಂದ್ರ ಸರ್ಕಾರದ ಒಂದು ನೀರಾವರಿ ಕಚೇರಿಯಲ್ಲಿ ಅರ್ಥಶಾಸ್ತ್ರದ ಅಧಿಕಾರಿ. ಹಾಗಂದರೆ ನಮ್ಮೂರಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ತಾತ ಮಂಡ್ಯ ಸೀಮೆಯಲ್ಲಿ ನೀರುಗಂಟಿ. ಊರಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವವನು. ನಾನು ಮಾತು ಕಲಿತದ್ದೇ ಅವನ ಹಿಂದೆ ಬದುವಿನ ಮೇಲೆ ನಡೆಯುತ್ತ. ನಾಲೆಗೆ ನೀರು ಬಿಟ್ಟ ದಿನ “ಅಮ್ಮಾವ್ರು ಬಂದ್ರು, ಚಪ್ಲಿ ಬುಟ್ಟು ನಿಂತ್ಕೊಳ್ರೋ” ಎನ್ನುತ್ತಿದ್ದ. ನನಗೆ ಕೆಲಸ ಸಿಕ್ಕಿದ ಮೇಲೆ ಒಮ್ಮೆ ಕೇಳಿದ: “ನಿನ್ ಕೆಲ್ಸ ಏನ್ಲಾ?”

“ನಾಲೆ ತೋಡಿದ್ರೆ ದೇಶಕ್ಕೆ ಲಾಭವೋ ನಷ್ಟವೋ ಅಂತ ಲೆಕ್ಕ ಹಾಕೋದು ತಾತ.”

“ಅದ್ಕೂ ಸಂಬ್ಳ ಕೊಟ್ಟರ್ಲಾ? ನಾಲೆ ಬಂದ್ರೆ ಎಲ್ಲಾರ ನಷ್ಟ ಆದದಾ?”

ಅವನ ಆ ನಂಬಿಕೆಯನ್ನೇ ನಾನೂ ಹೊತ್ತುಕೊಂಡು ಕೊಚ್ಚಿಗೆ ಬಂದೆ.

ಬಂದದ್ದು ಅಕ್ಟೋಬರಿನಲ್ಲಿ. ಕಚೇರಿ ಕಾಕ್ಕನಾಡಿನಲ್ಲಿ, ಕಲೆಕ್ಟರೇಟಿನಿಂದ ಕೂಗಳತೆ ದೂರ. ತುಲಾವರ್ಷದ ಕಾಲ, ಅಂದರೆ ನಮ್ಮ ಹಿಂಗಾರು; ಬೆಳಿಗ್ಗೆ ಬಿಸಿಲು ಸುಡುತ್ತಿತ್ತು, ಮಧ್ಯಾಹ್ನ ಮೂರಾಯಿತೆಂದರೆ ಸಿಡಿಲು. ಕಂಪ್ಯೂಟರು ಸುಟ್ಟುಹೋದೀತೆಂದು ವೈರು ಕಿತ್ತು ಕಿಟಕಿ ಮುಚ್ಚಿ, ಎಲ್ಲರೂ ಚಾಯ ಹಿಡಿದು ಕೂರುತ್ತಿದ್ದೆವು. ನಮ್ಮ ಮುಖ್ಯಸ್ಥರು ಧಾರವಾಡದ ಪಾಟೀಲರು. ಇಡೀ ಕಚೇರಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅಷ್ಟಾದರೂ ನನ್ನ ಕನ್ನಡ ಅವರಿಗೆ ಸೇರದು, ಅವರದ್ದು ನನಗೆ ಅರ್ಧ ತಿಳಿಯದು. “ಏನಪಾ ಮಂಡ್ಯದಾಂವ, ಬೆಲ್ಲ ತಂದೀಯೇನು?” ಎಂದೇ ಮೊದಲ ದಿನ ಬರಮಾಡಿಕೊಂಡರು. ಜೋಳದ ರೊಟ್ಟಿಯಿಲ್ಲದೆ ಮನುಷ್ಯ ಸೊರಗಿದ್ದರು. ಒಳ್ಳೆಯವರು. ಅದನ್ನೂ ಹೇಳಬೇಕು.

ನನಗೆ ಕೊಟ್ಟ ಕೆಲಸ ಒಂದು ಕಾಲುವೆ ಯೋಜನೆ. ಅದರ ಹೆಸರು ಇಲ್ಲಿ ಬೇಡ. ಯೋಜನೆ ರಾಜ್ಯದ್ದು, ಹಣದಲ್ಲಿ ದೊಡ್ಡ ಪಾಲು ಕೇಂದ್ರದ್ದು. ಕೇಂದ್ರದ ಪಾಲು ಬರಬೇಕಾದರೆ ಒಂದು ರೂಪಾಯಿ ಹಾಕಿದಲ್ಲಿ ಒಂದೂವರೆ ರೂಪಾಯಿ ಫಲ ಕಾಣಬೇಕು, ಅದು ನಿಯಮ. ಫಲವನ್ನು ಕಾಣುವ ರೀತಿ ಮಕ್ಕಳಿಗೂ ಗೊತ್ತಾಗುವಂಥದು: ಕಾಲುವೆ ಬಂದ ಮೇಲೆ ಗದ್ದೆ ಎಷ್ಟು ಬೆಳೆಯುತ್ತದೆ ಅಂತ ಒಂದು ಕಾಲಂ, ಕಾಲುವೆಗೆ ಮೊದಲು ಎಷ್ಟು ಬೆಳೆಯುತ್ತಿತ್ತು ಅಂತ ಇನ್ನೊಂದು. ಅದರಲ್ಲಿ ಇದನ್ನು ಕಳೆದರೆ ಉಳಿಯುವುದೇ ಕಾಲುವೆಯ ಫಲ. “ಮೊದಲು” ಎಂಬ ಕಾಲಂ ತುಂಬಲು ನಾನು ಊರೂರು ತಿರುಗಬೇಕಿತ್ತು.

ಹೀಗೆ ತಿರುಗುತ್ತ, ಕಾಕ್ಕನಾಡಿನಿಂದ ಪೂರ್ವಕ್ಕೆ ಒಂದೂವರೆ ಗಂಟೆ ಬಸ್ಸಿನ ದಾರಿಯ ಒಂದು ಊರಿಗೆ ಡಿಸೆಂಬರ್ ಮೊದಲ ವಾರ ಹೋದೆ. ತಂಕಮ್ಮ ಚೇಚ್ಚಿ, ಅಂದರೆ ತಂಕಮ್ಮಕ್ಕ, ಅಲ್ಲಿಯ ಗದ್ದೆಗಳ ಸಮಿತಿಯ ಕಾರ್ಯದರ್ಶಿ. ಅರವತ್ತರ ಹತ್ತಿರದ ಹೆಂಗಸು, ನೈಟಿಯ ಮೇಲೆ ಗಂಡನ ಹಳೆಯ ಶರ್ಟು, ತಲೆಗೆ ತೋರ್ತು ಸುತ್ತಿ ಮೊಣಕಾಲುದ್ದ ಜೇಡಿಯಲ್ಲಿ ನಿಂತಿದ್ದರು. ಅವರು ಮಾತಾಡಿದ್ದೆಲ್ಲ ಮಲಯಾಳ. ನನ್ನ ನೆನಪಿನಲ್ಲಿ ಅದು ಕನ್ನಡದಲ್ಲೇ ಉಳಿದಿದೆ.

“ಯಾರು? ಸರ್ಕಾರವೇ? ಸರ್ಕಾರವಾದರೆ ಪ್ಯಾಂಟು ಮಡಚಿ ಇಳಿಯಿರಿ ಸಾರೇ. ಇವತ್ತು ದಂಡೆಯಲ್ಲಿ ನಿಂತು ಮಾತಾಡುವವರಿಗೆ ಚಾಯ ಇಲ್ಲ.”

ಇಳಿದೆ. ಅವರು ತಡಯಣ ಕಟ್ಟುತ್ತಿದ್ದರು. ನಮ್ಮ ಕಡೆ ಒಡ್ಡು ಅನ್ನುವುದು. ಮಳೆ ನಿಂತು ತೋಡಿನ ನೀರು ಇಳಿಯತೊಡಗಿದ ಕೂಡಲೇ ಅಡ್ಡಲಾಗಿ ಎರಡು ಸಾಲು ಬಿದಿರು ಗೂಟ ಹೊಡೆದು, ಹೆಣೆದ ತೆಂಗಿನ ಗರಿ ಒರಗಿಸಿ, ನಡುವೆ ಜೇಡಿ ಹುಲ್ಲು ತುಂಬಿ ತುಳಿಯುತ್ತಾರೆ. ನಿಂತ ನೀರು ಪಕ್ಕದ ಸಣ್ಣ ಕಾಲುವೆಗೆ ಏರಿ ಗದ್ದೆಗೆ ಹೋಗುತ್ತದೆ. ಅದರ ಮೇಲೆ ಬೇಸಿಗೆಯ ಪುಂಚ ಬೆಳೆ. ಮುಂದಿನ ಮಳೆಗೆ ಒಡ್ಡು ಕೊಚ್ಚಿಹೋಗುತ್ತದೆ, ಮತ್ತೆ ಡಿಸೆಂಬರಿಗೆ ಕಟ್ಟುತ್ತಾರೆ. ಬಿದಿರಿಗೆ ಪಂಚಾಯತಿಯ ನೆರವು, ಮೈದುಡಿಮೆ ಮನೆಗೊಂದಾಳಿನಂತೆ. ಆಳು ಕಳಿಸಲಾಗದ ಮನೆಯವರು ಎಲ್ಲರಿಗೂ ಬೇಯಿಸಿದ ಮರಗೆಣಸು, ಮೀನು ಸಾರು ತರಬೇಕು. ತಂದ ಸಾರು ನೀರಾಗಿದ್ದರೆ ವರ್ಷವಿಡೀ ಅವರ ಮಾನ ಹರಾಜು.

ಸಂಜೆ ಹೊತ್ತಿಗೆ ನಡುವೆ ಒಂದು ಗೇಣು ಸಂದು ಉಳಿಯಿತು. ಎಲ್ಲರೂ ಕೈ ಕಟ್ಟಿ ನಿಂತರು. ತಂಕಮ್ಮ ಚೇಚ್ಚಿ ಒಬ್ಬರೇ ಮುಂದೆ ಹೋಗಿ ಕೊನೆಯ ಜೇಡಿ ಮುದ್ದೆ ಒತ್ತಿ ನೀರು ನಿಲ್ಲಿಸಿದರು.

“ಕಾರ್ಯದರ್ಶಿ ಅಂತಲೇ?” ಎಂದು ಕೇಳಿದೆ.

“ಅಯ್ಯೋ, ಅಲ್ಲ. ಕಟ್ಟಕಡೆಯ ಗದ್ದೆ ನನ್ನದು. ನೀರು ಕೊನೆಗೆ ಮುಟ್ಟುವ ಮನೆಯವರೇ ಸಂದು ಮುಚ್ಚಬೇಕು. ಮುಚ್ಚಿದವರಿಗೆ ನೀರು ಮುಟ್ಟಿಸದೆ ಮೇಲಿನವರು ಮಡೆ ಕಟ್ಟಿ ನೀರು ತಡೆಯುವ ಹಾಗಿಲ್ಲ.”

ನಮ್ಮಲ್ಲಿ ಕೊನೆಗಾಲುವೆಯವರು ನೀರು ಕಾಣದೆ ತಾತನ ಮುಂದೆ ಬಾಯಿ ಬಡಿದುಕೊಂಡದ್ದನ್ನು ಎಷ್ಟು ಸಲ ನೋಡಿದ್ದೆ! ಇಂಥದೊಂದು ಕಟ್ಟಳೆ ಆ ಮುದುಕನಿಗೆ ತಿಳಿದಿದ್ದರೆ ಅರ್ಧ ಬೈಗುಳ ತಪ್ಪುತ್ತಿತ್ತು. ಒಡ್ಡಿನ ಮೇಲೆ ಕೂತು ಅವರು ಕೊಟ್ಟ ಕಟ್ಟನ್ ಚಾಯ ಕುಡಿದೆ. ಹಾಲಿಲ್ಲದ, ನಾಲಗೆಗೆ ಅಂಟುವಷ್ಟು ಸಕ್ಕರೆಯ ಚಾಯ.

ಏಪ್ರಿಲ್ ಮೊದಲಲ್ಲಿ ಕೊಯ್ಲಿಗೆ ಮತ್ತೆ ಹೋದೆ. ಇಳುವರಿ ಅಳೆಯಲು ಗದ್ದೆಯೊಳಗೆ ಐದು ಮೀಟರಿನ ಚೌಕ ಗುರುತಿಸಿ, ಅಷ್ಟನ್ನೇ ಕೊಯ್ದು, ಬಡಿದು, ತೂಗುವುದು ಕ್ರಮ. ಚೌಕ ಎಲ್ಲಿ ಎಂಬುದನ್ನು ನಾವು ಆರಿಸುವಂತಿಲ್ಲ, ಪಟ್ಟಿಯ ಅಂಕಿ ಹೇಳಿದಲ್ಲಿ. ಅಂಕಿ ನನ್ನನ್ನು ತಂಕಮ್ಮ ಚೇಚ್ಚಿಯ ಗದ್ದೆಯ ಮೂಲೆಗೆ, ತೆಂಗಿನ ಮರದ ನೆರಳಿಗೆ ಒಯ್ದಿತು.

“ಇಲ್ಲಿಯೇ? ಇಲ್ಲಿ ಬೇಡ!” ಚೇಚ್ಚಿ ಕುಡುಗೋಲು ಹಿಂದೆ ಬಚ್ಚಿಟ್ಟರು. “ಮದುವೆಗೆ ಹೆಣ್ಣು ನೋಡಲು ಬಂದವರಿಗೆ ಅಡುಗೆಮನೆಯ ಮಸಿ ತೋರಿಸುತ್ತಾರೆಯೇ ಸಾರೇ? ಅಗೋ ನಡುಗದ್ದೆ. ಅಲ್ಲಿ ಕೊಯ್ಯಿರಿ, ದೆಹಲಿಯವರು ನೋಡಲಿ ನಮ್ಮ ನೆಲ್ಲು. ಹೆಚ್ಚು ಬೆಳೆಯುವವರಿಗಲ್ಲವೇ ಸರ್ಕಾರ ಹೆಚ್ಚು ಕೊಡುವುದು?”

“ಆಗುವುದಿಲ್ಲ ಚೇಚ್ಚಿ. ನಿಯಮ.”

“ನಿಯಮಕ್ಕೆ ಕಣ್ಣಿಲ್ಲವೇ?”

ಸುತ್ತ ನಿಂತ ಹೆಂಗಸರು ನಕ್ಕರು. ನಾನು ಬಿಡಲಿಲ್ಲ. ಚೌಕದ ಹಗ್ಗದ ಗೆರೆಯ ಮೇಲೆ ನಿಂತ ಪೈರಿನಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದು ಒಂದೊಂದೇ ಬುಡ ನೋಡಿ ವಿಂಗಡಿಸಿದೆ. ಅಷ್ಟು ಪ್ರಾಮಾಣಿಕನಾಗಿದ್ದೆ, ಆ ಐದು ಮೀಟರಿನ ಮಟ್ಟಿಗೆ! ತೂಗಿದಾಗ ನೆರಳಿನ ಮೂಲೆಯ ನೆಲ್ಲೇ ನಮ್ಮ ಮಂಡ್ಯದ ನಾಲೆ ಬಯಲಿಗೆ ಸಮ ನಿಂತಿತು. ಚೇಚ್ಚಿ ತಕ್ಕಡಿ ನೋಡಿ, “ಮೂಲೆಯೇ ಇಷ್ಟು ಕೊಟ್ಟಿತು, ನೋಡಿದಿರಾ?” ಎಂದು ನನ್ನ ತೋಳಿಗೆ ಒಂದು ಏಟು ಕೊಟ್ಟರು. ಹೊರಡುವಾಗ ಒಂದು ಮಾತು ಕೇಳಿದರು: “ನಮ್ಮ ತಡಯಣದ ಹೆಸರು ನಿಮ್ಮ ಪುಸ್ತಕದಲ್ಲಿ ಬರೆಯುತ್ತೀರಲ್ಲ?” ಬರೆಯುತ್ತೇನೆ ಅಂದೆ. ಸುಳ್ಳು ಹೇಳಲಿಲ್ಲ, ಆಗ ಬರೆಯುವ ಮನಸ್ಸೇ ಇತ್ತು.

ಕಾಕ್ಕನಾಡಿಗೆ ಬಂದು ಕಾಲಂ ತುಂಬಿದೆ. ಆ ತೋಡಿನ ಉದ್ದಕ್ಕೂ ಇಂಥ ಒಡ್ಡುಗಳು ಹಲವು, ಎಲ್ಲ ಕಡೆಯೂ ನೆಲ್ಲು ಹೀಗೇ. “ಮೊದಲು” ಎಂಬ ಕಾಲಂ ಉಬ್ಬಿತು. “ಆಮೇಲೆ” ಎಂಬುದರಿಂದ ಕಳೆದರೆ ಉಳಿದದ್ದು ಅಷ್ಟಕ್ಕಷ್ಟೇ. ಒಂದೂವರೆ ಹಾಗಿರಲಿ, ಹಾಕಿದ ಒಂದು ರೂಪಾಯಿಯೇ ಹುಟ್ಟುತ್ತಿರಲಿಲ್ಲ. ಜನ ತಾವೇ ಚೆನ್ನಾಗಿ ಬೆಳೆದುಕೊಂಡಿದ್ದರು, ಅದೇ ಕಾಲುವೆಯ ನಷ್ಟ. ಹೆಚ್ಚು ಬೆಳೆದವರಿಗೆ ಸರ್ಕಾರ ಹೆಚ್ಚು ಕೊಡುತ್ತದೆಂದು ಚೇಚ್ಚಿ ನಂಬಿದ್ದರು. ನನ್ನ ಲೆಕ್ಕದಲ್ಲಿ ಅವರ ಒಂದೊಂದು ಹಿಡಿ ನೆಲ್ಲೂ ಯೋಜನೆಯ ಮೇಲೆ ಒಂದೊಂದು ಕಲ್ಲು.

ಪಾಟೀಲರು ಹಾಳೆ ನೋಡಿ ಕನ್ನಡಕ ತೆಗೆದರು. “ಇದು ದಿಲ್ಲಿಗೆ ಹೋದ್ರ ನಾಳೆನ ತಿರುಗಿ ಬರ್ತದ. ರಾಜ್ಯದವರು ನನ್ನ ಜೀವಾ ತಿಂತಾರ. ಇದೇನಪಾ, ತಡಯಣ ಅಂದ್ರ?”

ಹೇಳಿದೆ.

“ಸರ್ಕಾರ ಕಟ್ಟಿಸಿದ್ದೇನು?”

“ಅಲ್ಲ ಸರ್. ಜನ ಕಟ್ಟಿಕೊಳ್ಳೋದು.”

“ಪ್ರತಿ ವರ್ಷ ಕೊಚಗೊಂಡು ಹೋಗ್ತದ?”

“ಹೋಗುತ್ತೆ. ಮತ್ತೆ ಕಟ್ತಾರೆ.”

“ಮತ್ತ! ಮಳಿಗಾಲಕ್ಕ ಇರದಿದ್ದು ನೀರಾವರಿ ಹೆಂಗಾತು? ನಮೂನಿಯೊಳಗ ಎರಡ ಮನಿ ಅವ: ಸರ್ಕಾರಿ ನೀರಾವರಿ, ಮಳೆಯಾಶ್ರಿತ. ನಿನ್ನ ಚೇಚ್ಚಿಗಂತ ಮೂರನೇ ಮನಿ ನಾ ಎಲ್ಲಿಂದ ತರ್ಲಿ? ಮಳೆಯಾಶ್ರಿತ ಅಂತ ಬರಿ. ಇಳುವರಿ ಆ ಗುಡ್ಡದ ಮಗ್ಗಲಿನ, ಬರೇ ಮಳಿ ನಂಬಿದ ಊರುಗಳ್ದು ಹಾಕು.”

“ಆದರೆ ಸರ್, ನಾನೇ ಕೂತು ಚಾಯ ಕುಡಿದಿದ್ದೀನಿ ಅದರ ಮೇಲೆ.”

“ಚಾಕ್ಕ ಕಾಲಂ ಇಲ್ಲಪಾ.” ನಕ್ಕು, ಆಮೇಲೆ ಮೆತ್ತಗೆ ಅಂದರು: “ಕಾಲುವಿ ಬಂದ್ರ ಆ ಹೆಣ್ಮಗಳು ಪ್ರತಿ ವರ್ಷ ರಾಡಿ ತುಳಿಯೂದು ತಪ್ಪತದಲ್ಲೋ. ಕೆಟ್ಟದ್ದೇನ್ ಮಾಡ್ಲಿಕತ್ತೇವಿ ನಾವು?”

ಆ ಮಾತು ನನಗೆ ಸಾಕಾಯಿತು. ಅದಕ್ಕೇ ಕಾದಿದ್ದವನಂತೆ ಹಿಡಿದುಕೊಂಡೆ. ತಾತನ ಮಾತೂ ಬೆಂಬಲಕ್ಕೆ ಬಂತು: ನಾಲೆ ಬಂದ್ರೆ ಎಲ್ಲಾರ ನಷ್ಟ ಆದದಾ? ಮೈಸೂರಿಗೆ ವರ್ಗ ಕೇಳಿ ನಾನು ಹಾಕಿದ್ದ ಅರ್ಜಿ ಪಾಟೀಲರ ಮೇಜಿನ ಎಡಗಡೆ ಇತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ, ಇಬ್ಬರೂ ಆ ಕಡೆ ನೋಡಲಿಲ್ಲ. ಅರ್ಧ ದಿನದಲ್ಲಿ ಹೊಸ ಹಾಳೆ ಸಿದ್ಧವಾಯಿತು. ಅನುಪಾತ ಒಂದೂವರೆ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು.

ಮೇ ತಿಂಗಳಲ್ಲಿ ತಿರುವನಂತಪುರದಲ್ಲಿ ಸಭೆ. ಹಾಳೆಯನ್ನು ಪರದೆಯ ಮೇಲೆ ತೋರಿಸಿ ವಿವರಿಸಿದವನು ನಾನೇ. ಎಲ್ಲರೂ ತಲೆಯಾಡಿಸಿದರು. ಹಣಕಾಸಿನ ಕಡೆಯ ಒಬ್ಬ ವಯಸ್ಸಾದ ಹೆಣ್ಣುಮಗಳು ಮಾತ್ರ ಕೈಯೆತ್ತಿ, “ಇಷ್ಟು ತೋಡುಗಳಿರುವ ಊರು. ಬೇಸಿಗೆಯಲ್ಲಿ ಈಗ ಏನೂ ನೀರಾವರಿ ಇಲ್ಲವೇ?” ಎಂದು ಕೇಳಿದರು. ಪಾಟೀಲರು ನನ್ನ ಕಡೆ ನೋಡಿದರು.

“ಸರ್ಕಾರಿ ನೀರಾವರಿ ಇಲ್ಲ, ಮೇಡಂ,” ಅಂದೆ.

ಆಕೆ ಬರೆದುಕೊಂಡರು. ಮುಗಿಯಿತು. ಊಟಕ್ಕೆ ನಮ್ಮನ್ನು ವಿಳಿಂಜಂಗೆ ಕರೆದೊಯ್ದರು. ಆಗಿನ್ನೂ ಅಲ್ಲಿ ದೊಡ್ಡ ಬಂದರು ಇರಲಿಲ್ಲ, ಬರುತ್ತದಂತೆ ಎಂಬ ಮಾತಿತ್ತು. ಮೀನಿನವರು ಮರಳಿನ ಮೇಲೆ ಬಲೆ ಹೊಲಿಯುತ್ತ ಕೂತಿದ್ದರು. ಎಂಜಿನಿಯರುಗಳು ಹುರಿದ ಮೀನು ತಿಂದರು. ಪಾಟೀಲರು ಮೊಸರನ್ನ ಕಲಸುತ್ತ, “ಛಲೋ ಹೇಳಿದ್ಯೋ ತಮ್ಮಾ. ಒಂದು ಶಬ್ದನೂ ಸುಳ್ಳಿಲ್ಲ,” ಅಂದರು. ಹೊಗಳಿಕೆ ಎಂದೇ ತಿಳಿದೆ.

ಮಂಜೂರಾದ ವರದಿಯ ಜೊತೆ ಕಾಲುವೆ ಬರುವ ಊರುಗಳ ಪಟ್ಟಿ ಎಲ್ಲ ಇಲಾಖೆಗಳಿಗೂ ಹೋಯಿತು. ಅದೇ ವರ್ಷ ಮತ್ತೆ ಡಿಸೆಂಬರು ಬಂತು. ಒಂದು ಮಧ್ಯಾಹ್ನ ತಂಕಮ್ಮ ಚೇಚ್ಚಿ ನಮ್ಮ ಕಚೇರಿಯ ಮೆಟ್ಟಿಲಲ್ಲಿ ಕೂತಿದ್ದರು. ಕಲೆಕ್ಟರೇಟಿಗೆ ಬಂದವರು ಕೇಳಿಕೊಂಡು ಇಲ್ಲಿಗೆ ನಡೆದುಬಂದಿದ್ದರು. ಇಸ್ತ್ರಿ ಮಾಡಿದ ಸೀರೆ, ಪ್ಲಾಸ್ಟಿಕ್ ಫೈಲು, ಮುಖದಲ್ಲಿ ಪರಿಚಯದವನೊಬ್ಬ ಸಿಕ್ಕಿದ ನೆಮ್ಮದಿ.

“ಸಾರೇ, ನಿಮ್ಮ ಆಫೀಸಿನವರು ಯಾರೋ ಒಂದು ತಪ್ಪು ಮಾಡಿದ್ದಾರೆ. ನೋಡಿ.” ಪಟ್ಟಿಯ ಮೇಲೆ ಬೆರಳಿಟ್ಟರು. ಅವರ ಊರಿನ ಹೆಸರು, ಮುಂದೆ ಮಳೆಯಾಶ್ರಿತ. “ಇರುವ ನೀರಾವರಿಯನ್ನು ಕಾಲುವೆ ಬರುವ ತನಕ ನಡೆಸಿಕೊಂಡು ಹೋಗಬಹುದಂತೆ. ಹೊಸದಾಗಿ ಕಟ್ಟುವ ಹಾಗಿಲ್ಲವಂತೆ, ಒಂದೇ ಗದ್ದೆಗೆ ಎರಡು ಖರ್ಚಾಗುತ್ತದೆ ಅಂತ. ಈ ಕಾಗದದ ಪ್ರಕಾರ ನಮ್ಮಲ್ಲಿ ಏನೂ ಇರಲೇ ಇಲ್ಲ. ಹಾಗಾಗಿ ತಡಯಣ ಹೊಸದು. ಬಿದಿರೂ ಇಲ್ಲ, ತೋಡಿಗೆ ಅಡ್ಡ ಕಟ್ಟಲು ಅನುಮತಿಯೂ ಇಲ್ಲ. ನನ್ನ ಅಜ್ಜಿ ತುಳಿದ ಒಡ್ಡು ಸಾರೇ, ಹೊಸದಂತೆ!” ನಕ್ಕರು. “ನೀವು ಕಂಡಿದ್ದೀರಿ, ಅದರ ಮೇಲೆ ಕೂತಿದ್ದೀರಿ. ಒಂದು ಸಾಲು ಬರೆದುಕೊಡಿ, ಇಲ್ಲಿ ಮೊದಲಿನಿಂದ ತಡಯಣ ಇತ್ತು ಅಂತ. ಅಷ್ಟು ಸಾಕಂತೆ. ನೀರು ಪೂರ್ತಿ ಇಳಿಯುವ ಮೊದಲು ಕಟ್ಟಬೇಕು, ಹತ್ತು ದಿನ ಇದೆ.”

ಅವರನ್ನು ಅಲ್ಲೇ ಕೂರಿಸಿ ಪಾಟೀಲರ ಕೋಣೆಗೆ ಹೋದೆ.

“ಒಂದು ಸಾಲು ಅಲ್ಲಪಾ ಅದು,” ಅಂದರು ಪಾಟೀಲರು. “ಆ ಒಂದು ದಾರ ಎಳದ್ರ ಪೂರಾ ಕೌದಿ ಬಿಚ್ಚತದ. ಒಂದೂರು ಬರದುಕೊಟ್ರ ಉಳಿದೂರಿನವ್ರು ಬರಂಗಿಲ್ಲೇನು? ಆಮ್ಯಾಲೆ ನೀ ಹಾಕಿದ ಲೆಕ್ಕ ಯಾರು ನಂಬ್ತಾರ? ಸಹಿ ನಿಂದೈತಿ, ನೆನಪಿಟ್ಕೋ.”

ಹೊರಗೆ ಬಂದು, “ಫೈಲು ದೆಹಲಿಗೆ ಹೋಗಿದೆ ಚೇಚ್ಚಿ. ಬಂದ ಕೂಡಲೇ ನೋಡೋಣ,” ಅಂದೆ.

“ಆಯಿತು ಮೋನೇ,” ಎಂದು ಎದ್ದರು. ಅಲ್ಲಿಯ ತನಕ ಸಾರ್ ಆಗಿದ್ದವನನ್ನು ಅವತ್ತೇ ಮಗನೇ ಎಂದು ಕರೆದರು. ಅದು ಈಗಲೂ ಚುಚ್ಚುತ್ತದೆ.

ಮೂರು ಸಲ ಫೋನು ಮಾಡಿದರು. ಮೊದಲ ಸಲ ಫೈಲು ಬಂತೇ ಎಂದು ಕೇಳಿದರು. ಎರಡನೆಯ ಸಲ ಸಮಿತಿಯವರು ತಮ್ಮ ಬಿದಿರು ತಾವೇ ಕಡಿದುಕೊಳ್ಳಲು ತಯಾರಿದ್ದಾರೆ, ಅನುಮತಿಯದ್ದೊಂದೇ ಕಾಗದ ಸಾಕು ಅಂದರು. ಮೂರನೆಯ ಸಲ “ನೀರು ಇಳಿಯುತ್ತಿದೆ ಸಾರೇ,” ಎಂದಷ್ಟೇ ಹೇಳಿ ಇಟ್ಟರು. ಸಂಕ್ರಾಂತಿಯ ಹೊತ್ತಿಗೆ ನನ್ನ ವರ್ಗದ ಆದೇಶ ಬಂತು. ಮೈಸೂರು. ಕಚೇರಿಯವರು ಅಡಪ್ರಥಮನ್ ಪಾಯಸ ಮಾಡಿಸಿ ಬೀಳ್ಕೊಟ್ಟರು, ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಆಮೇಲೆ ಅಲ್ಲಿಗೆ ಹೋದದ್ದು ಈ ಸಲವೇ. ಕಾಕ್ಕನಾಡಿನಲ್ಲಿ ಬಸ್ಸು ಬದಲಿಸಿದಾಗ ಗುರುತು ಸಿಗಲಿಲ್ಲ, ಮುಗಿಲೆತ್ತರ ಫ್ಲಾಟುಗಳು. ಚೇಚ್ಚಿಯ ಊರು ಮಾತ್ರ ಹಾಗೇ ಇತ್ತು, ಗದ್ದೆಯೊಂದನ್ನು ಬಿಟ್ಟು. ಕಾಂಕ್ರೀಟಿನ ದೊಡ್ಡ ಕಾಲುವೆ ಗುಡ್ಡದ ಸೆರಗಿನಲ್ಲಿ ಬಂದು ಒಂದು ಹಲಸಿನ ಮರದ ಹತ್ತಿರ ತಟಕ್ಕನೆ ನಿಂತಿತ್ತು. ಮುಂದಿನ ಕವಲುಗಳನ್ನು ತೋಡಿಲ್ಲ. ರಾಜ್ಯ ತನ್ನ ಪಾಲು ಹಾಕಲಿಲ್ಲ, ಅದು ಹಾಕಲಿಲ್ಲವೆಂದು ಕೇಂದ್ರ ಮುಂದಿನ ಕಂತು ಬಿಡಲಿಲ್ಲ. ಒಣ ಕಾಲುವೆಯಲ್ಲಿ ಯಾರೋ ಮೆಣಸು ಹರಡಿ ಒಣಗಿಸಿದ್ದರು. ಕೆಳಗೆ ಗದ್ದೆಯಿದ್ದಲ್ಲಿ ಆಳೆತ್ತರ ಹುಲ್ಲು, ಒಂದು ಕಡೆ ಮಣ್ಣು ತುಂಬಿಸಿ ಎಬ್ಬಿಸಿದ ಮನೆಗಳು.

ಚೇಚ್ಚಿ ಜಗಲಿಯಲ್ಲಿ ಕೂತು ತೆಂಗಿನ ಕಡ್ಡಿ ಸೀಳುತ್ತಿದ್ದರು. ಮಂಡಿ ಬಾತಿತ್ತು. “ಗೌಡ ಸಾರಲ್ಲವೇ?” ಎಂದು ಮೊದಲ ನೋಟಕ್ಕೇ ಅಂದರು. ಕೂರಲು ಹೇಳಿದರು, ಕಟ್ಟನ್ ಚಾಯ ತಂದರು. ಆ ವರ್ಷ ಒಡ್ಡು ಕಟ್ಟಲಾಗಲಿಲ್ಲವಂತೆ. ಮರುವರ್ಷ ಅರ್ಧ ಮನೆಗಳವರು ಬರಲೇ ಇಲ್ಲ, ಹೇಗೂ ಕಾಲುವೆ ಬರುತ್ತದಲ್ಲ ಅಂದರಂತೆ. ಮೂರನೆಯ ವರ್ಷ ಸಮಿತಿಯೇ ಇರಲಿಲ್ಲ.

“ಈಗ ಕೃಷಿ ಕಚೇರಿಯ ಪುಸ್ತಕದಲ್ಲಿ ನಮ್ಮೂರು ಕಾಲುವೆ ನೀರಾವರಿ,” ಅಂದರು ಚೇಚ್ಚಿ. “ದೊಡ್ಡ ಕಾಲುವೆ ಊರಿಗೆ ಮುಟ್ಟಿತಲ್ಲ, ಸಾಕಂತೆ. ನೀರಿದ್ದಾಗ ಇಲ್ಲ ಅಂತ ಬರೆದಿರಿ, ಇಲ್ಲದಾಗ ಇದೆ ಅಂತ ಬರೆದರು. ಬೆಳೆ ಒಣಗಿತು ಎಂದು ಪರಿಹಾರ ಕೇಳಲು ಹೋದವರನ್ನು, ಕಾಲುವೆಯಿರುವ ಊರಲ್ಲಿ ಬೆಳೆ ಒಣಗುವುದುಂಟೇ ಎಂದು ನಕ್ಕು ಕಳಿಸಿದರು.”

“ಚೇಚ್ಚಿ, ಅವತ್ತಿನದು ಯಾರದೋ ಕೈತಪ್ಪಲ್ಲ. ಗೊತ್ತಿದ್ದೇ ಬರೆದೆ. ನಾನೇ ಬರೆದದ್ದು.”

“ಗೊತ್ತು,” ಅಂದರು ಕಡ್ಡಿಯಿಂದ ಕಣ್ಣೆತ್ತದೆ. “ಮೆಟ್ಟಿಲಲ್ಲಿ ಕೂತಿದ್ದೆನಲ್ಲ, ನೀವು ಹೊರಗೆ ಬಂದಾಗಲೇ ಗೊತ್ತಾಯಿತು.”

“ಮತ್ತೆ ಮೂರು ಸಲ ಫೋನು ಮಾಡಿದಿರಿ?”

“ಗೊತ್ತಾದರೂ ಕೇಳುತ್ತೇವೆ ಸಾರೇ. ಗದ್ದೆ ನಮ್ಮದಲ್ಲವೇ?”

ಚೀಲದಿಂದ ಪೆನ್ನು, ಹಾಳೆ ತೆಗೆದೆ. “ಈಗ ಬರೆದುಕೊಡುತ್ತೇನೆ ಚೇಚ್ಚಿ. ಇಲ್ಲಿ ತಡಯಣ ಇತ್ತು, ನಾನು ಕಂಡಿದ್ದೆ, ಸುಳ್ಳು ಬರೆದೆ ಅಂತ. ಎಲ್ಲಿ ಬೇಕಾದರೂ ಕೊಡಿ.”

ಚೇಚ್ಚಿ ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದರು.

“ಬರೆದರೆ ನಿಮಗೆ ಏನಾದರೂ ತೊಂದರೆ ಆಗುತ್ತದೆಯೇ?”

“ಇಲ್ಲ. ನಿವೃತ್ತನಾದೆ. ಯಾರೂ ಏನೂ ಮಾಡುವಂತಿಲ್ಲ.”

“ಹಾಗಾದರೆ ಅದರಿಂದ ನಮಗೂ ಏನೂ ಆಗುವುದಿಲ್ಲ,” ಅಂದರು. “ಚಾಯ ಕುಡಿಯಿರಿ, ಆರುತ್ತದೆ.”